ಅವ್ವನ ಫೋನಿನ ಎಮ್ಮೆಗಳು

ಮೊಬೈಲ್ ಬಳಸುವುದನ್ನು ಸುಲಭ ಮಾಡುತ್ತೇವೆ ಎನ್ನುವವರ ಮೇಲೆ ನನಗೆ ಗೌರವವಿಲ್ಲ. ಯಾರಿಗೆ ಸುಲಭ ಎಂದು ಅವರು ಒಮ್ಮೆಯೂ ಕೇಳಿದಂತಿಲ್ಲ.

ನನ್ನ ಅವ್ವನಿಗೆ ಓದು ಬರುತ್ತಿರಲಿಲ್ಲ. ಘಾಟಬೋರಾಳದಲ್ಲಿ ಎಮ್ಮೆ, ಆಡು ಮೇಯಿಸಿ ಬದುಕಿದವಳು. ದನ ಕಾಯುವವರು ಒಂದು ಮನೆಯನ್ನು ಗುರುತಿಸುವುದೇ ಆ ಮನೆಯ ದನದಿಂದ. ಹಾಗಾಗಿ ಅವಳ ಫೋನಿನಲ್ಲಿ ಹೆಸರಿನ ಬದಲು ಫೋಟೋ ಇಟ್ಟುಕೊಟ್ಟಿದ್ದೆ. ರಾಜೇಶ್ವರ ಊರಿನ ಚಿಗವ್ವನಿಗೆ ಹಣೆಯಲ್ಲಿ ಬಿಳಿ ಚುಕ್ಕೆ ಇದ್ದ ಎಮ್ಮೆ, ಕೊಹಿನೂರದ ಸೋದರಮಾವನಿಗೆ ಕೊಂಬು ಮುರಿದ ಎತ್ತು. ನಾನು ಬಸವಕಲ್ಯಾಣದಲ್ಲಿ, ಗಂಡನ ಮನೆಯಲ್ಲಿ.

"ನಿನಗೇನ್ ಹಾಕ್ಬೇಕ? ನಿಮ್ಮನ್ಯಾಗ ಒಂದ್ ಕೋಳಿನೂ ಇಲ್ಲ," ಎಂದು ಅವ್ವ ನಕ್ಕು, ನನ್ನ ಹೆಸರಿಗೆ ನಮ್ಮ ಸ್ಕೂಟರಿನ ಫೋಟೋ ಹಾಕಿಸಿಕೊಂಡಿದ್ದಳು.

ಗಾಜು ಒಡೆಯಿತೆಂದು ಫೋನನ್ನು ಹುಮನಾಬಾದಿನ ಅಂಗಡಿಗೆ ಕೊಟ್ಟೆವು. ವಾಪಸ್ ಬಂದಾಗ ಫೋಟೋಗಳೆಲ್ಲ ಮಾಯ.

"ಹಿರಿಯರ ಮೋಡ್ ಹಾಕೀನ್ರಿ ಅಕ್ಕಾರ. ಅಕ್ಷರ ದೊಡ್ಡವು ಆಗ್ಯಾವ. ಈಗ ಭಾಳ ಸಸಾರ ಅದ," ಎಂದ ಅಂಗಡಿಯವನು.

"ಅಕಿಗಿ ಓದಾಕ ಬರಲ್ರಿ."

"ಅದಕ್ಕ ದೊಡ್ಡವು ಮಾಡೀನಲ್ರಿ!"

ಅವನನ್ನು ಬೈದು ಏನು ಪ್ರಯೋಜನ? ಆ ಮೋಡ್ ಮಾಡಿದ ಜಾಣರ ತಲೆಯೂ ಅಷ್ಟೇ ಓಡಿತ್ತು. ಮುದುಕರೆಂದರೆ ಕಣ್ಣು ಮಂಜಾದವರು, ಮುಗಿಯಿತು. "ನಿಮಗೆ ಬೇಕಾದಂತೆ ಬದಲಿಸಿಕೊಳ್ಳಿ" ಎಂದೂ ಪರದೆಯ ಮೇಲೆ ಬಂತು. ಬದಲಿಸಲು ಬಿಟ್ಟಿದ್ದು ಬಣ್ಣ ಮಾತ್ರ. ನೀಲಿಯೋ, ಗುಲಾಬಿಯೋ. ಎಂಥ ಉದಾರಿಗಳು!

ಅವ್ವ ಫೋನ್ ಮುಟ್ಟುವುದನ್ನೇ ಬಿಟ್ಟಳು. ಅಷ್ಟರಲ್ಲಿ ಅವಳ ಎದೆಯ ಕಾಯಿಲೆ ಬಲಿತಿತ್ತು. ಮನೆಯವರು ಹೊಲಕ್ಕೆ ಹೋದರೆ ಹಗಲೆಲ್ಲ ಒಬ್ಬಳೇ ಇರುತ್ತಿದ್ದಳು. ಏನಾದರೂ ಆದರೆ ನನ್ನನ್ನು ಕರೆಯುವುದು ಹೇಗೆ ಎಂಬ ಚಿಂತೆ ನನ್ನನ್ನು ತಿನ್ನತೊಡಗಿತು.

ಆ ಮೋಡನ್ನು ಕಿತ್ತುಹಾಕಿದೆ. ಬಸ್ಸು ಹತ್ತಿ ನೆಂಟರ ಊರುಗಳಿಗೆ ಹೋಗಿ, ಕೊಟ್ಟಿಗೆಗಳಲ್ಲಿ ನಿಂತು, ಮತ್ತೆ ಫೋಟೋ ತೆಗೆದು ಅವ್ವನ ಫೋನಿಗೆ ಹಾಕಿದೆ; ನನ್ನ ಹೆಸರಿಗೆ ಮತ್ತೆ ಅದೇ ಸ್ಕೂಟರ್. ಚಿಗವ್ವ ಹಳೆಯ ಎಮ್ಮೆ ಮಾರಿ ಬೇರೆಯದನ್ನು ಕಟ್ಟಿದ್ದಳು. ಅವ್ವ ಅದನ್ನು ದಿಟ್ಟಿಸಿ ನೋಡಿದಳು.

"ಇದ್ ಯಾರ ಮನೀದ?"

"ಚಿಗವ್ವನ ಮನೀದವ್ವ. ಹೊಸಾದು."

"ಇಂಥಾ ಬಡಕಲ ಎಮ್ಮಿ ತಂದಾಳ? ಅಕಿಗೇನ್ ಕಣ್ಣ ಹೋಗ್ಯಾವ? ತಡಿ, ಕೇಳ್ತೀನಿ."

ತಾನೇ ಒತ್ತಿದಳು. ತಂಗಿಯನ್ನು ಮನಸಾರೆ ಬೈದಳು. ಎಷ್ಟೋ ದಿನಗಳ ನಂತರ ಅವಳ ಮನೆಯಲ್ಲಿ ಅಷ್ಟು ದೊಡ್ಡ ದನಿ ಕೇಳಿಸಿತ್ತು.

ಜೋಳದ ರಾಶಿ ನಡೆದಿದ್ದಾಗ ಒಂದು ಮಧ್ಯಾಹ್ನ ನನ್ನ ಫೋನ್ ರಿಂಗಾಯಿತು. ಆ ಕಡೆ ಅವ್ವನ ಏದುಸಿರು. "ಲಗೂನ ಬಾ," ಎಂದಳು, ಅಷ್ಟೇ. ನಾನು ಊರು ಮುಟ್ಟಿದಾಗ ಇನ್ನೂ ಜೀವವಿತ್ತು. ನನ್ನ ಕೈ ಹಿಡಿದುಕೊಂಡಳು, ಕೆನ್ನೆ ಮುಟ್ಟಿ ನೋಡಿದಳು. ಸಂಜೆಯ ಹೊತ್ತಿಗೆ ಹೋದಳು.

ಆ ಒಂದು ಕರೆ ನನಗೆ ಸಿಕ್ಕಿತು. ಅದಕ್ಕೆ ಆ ಜಾಣರಿಗೆ ನಾನು ಕೃತಜ್ಞಳಲ್ಲ. ಅವರು ಮಾಡಿದ್ದನ್ನು ಅಳಿಸಿದ್ದರಿಂದ ಸಿಕ್ಕಿದ್ದು ಅದು.