ಈಶ್ವರನ ನೀರಡಿಕೆ

ಹುಣಸೆಹಣ್ಣು ಹಚ್ಚಿ ತಾಮ್ರ ತಿಕ್ಕುವಾಗ ಒಂದು ವಾಸನೆ ಬರುತ್ತದೆ. ಪೂರಾ ಹುಳಿಯಲ್ಲ, ಮೂಗಿಗೆ ಸ್ವಲ್ಪ ಚುಚ್ಚುತ್ತದೆ. ಮೊನ್ನೆ ಬೆಳಿಗ್ಗೆ ಎದುರುಮನೆಯ ಸೊಸೆ ಹಬ್ಬ ಹತ್ತಿರ ಬಂತೆಂದು ಪಾತ್ರೆಗಳನ್ನೆಲ್ಲ ಕಟ್ಟೆಯ ಮೇಲೆ ಹರವಿಕೊಂಡು ತಿಕ್ಕುತ್ತಿದ್ದಳು. ಆ ವಾಸನೆ ಬಸವಕಲ್ಯಾಣದ ನಮ್ಮ ಇಕ್ಕಟ್ಟಾದ ಗಲ್ಲಿ ದಾಟಿ ನಾನು ಕುಳಿತಿದ್ದ ಕಿಟಕಿಯವರೆಗೆ ಬಂತು. ಬೋರಲು ಹಾಕಿದ್ದ ಪಾತ್ರೆಗಳಲ್ಲಿ ಒಂದು ತಂಬಿಗೆಯ ಗುರುತು ಹತ್ತಿತು. ಅದರ ಹೊಟ್ಟೆಗೆ ಒಂದು ನೆಗ್ಗು ಇದೆ. ನನ್ನ ನಡುಗುವ ಕೈಯಿಂದ ಬಿದ್ದು ಆದದ್ದು ಅದು...

ನನಗೆ ಅರವತ್ತು ದಾಟಿದೆ. ಹರೆಯದಲ್ಲೇ ನನ್ನ ತಲೆಯೊಳಗೆ ಯಾರೋ ಮಾತಾಡಲು ಶುರುಮಾಡಿದರು. ಹುಮನಾಬಾದಿನ ನನ್ನ ಗಂಡನ ಮನೆಯವರು ಮೊದಲು ತಾಯಿತ ಕಟ್ಟಿಸಿದರು, ಆಮೇಲೆ ತವರಿಗೆ ತಂದು ಬಿಟ್ಟರು. ಅಂದಿನಿಂದ ಅಣ್ಣನ ಮನೆಯ ಒಳಕೋಣೆಯೇ ನನ್ನ ಊರು. ಅಣ್ಣ ಕೆಟ್ಟವನಲ್ಲ. ಗುಳಿಗೆ ತಪ್ಪಿಸಲಿಲ್ಲ, ಊಟಕ್ಕೆ ಕಡಿಮೆ ಮಾಡಲಿಲ್ಲ. ಬಂದವರ ಕಣ್ಣಿಗೆ ಮಾತ್ರ ನಾನು ಬೀಳಬಾರದು, ಅಷ್ಟೇ. ಬೀಳುವುದು ನನಗೂ ಬೇಡವಾಗಿತ್ತು. ಗುಳಿಗೆ ತಿಂದು ತಿಂದು ಮೈ ಊದಿತ್ತು, ಕೈ ನಡುಗುತ್ತಿತ್ತು, ಕುಪ್ಪಸದ ತೋಳು ಬಿಗಿದು ಗೆರೆ ಮೂಡುತ್ತಿತ್ತು. ನನ್ನನ್ನು ನೋಡಿ ನನಗೇ ನಾಚಿಕೆ.

ಕೆಲವು ವರ್ಷಗಳ ಹಿಂದೆ ಹುಮನಾಬಾದಿನ ಡಾಕ್ಟರು ನನ್ನ ರಕ್ತದ ವರದಿ ನೋಡಿ, ಸಕ್ಕರೆ ಕಾಯಿಲೆ ಹೊಸ್ತಿಲಿಗೆ ಬಂದಿದೆ ಎಂದರು. "ದಿನಾ ನಡೀಬೇಕ್ರಿ. ಸಕ್ಕರಿ ಏರಿದ್ರ ಈ ಗುಳಿಗಿ ಬದಲಿ ಮಾಡಬೇಕಾಗ್ತದ." ಎಷ್ಟೋ ಗುಳಿಗೆಗಳನ್ನು ಬದಲಿಸಿದ ಮೇಲೆ ಸಿಕ್ಕಿದ್ದು ಅದು. ನನ್ನ ತಲೆಯನ್ನು ಸುಮ್ಮನಿರಿಸಿದ್ದು ಅದೊಂದೇ. ಆದರೂ ಮರುದಿನ ಬಾಗಿಲು ದಾಟಲು ಆಗಲಿಲ್ಲ. ಕೆಲಸವಿಲ್ಲದೆ, ಬರಿಗೈಯಲ್ಲಿ ಬೀದಿ ಸುತ್ತುವ ಹೆಂಗಸನ್ನು ನಮ್ಮ ಕಡೆ ಏನೆನ್ನುತ್ತಾರೆ? ನನ್ನನ್ನು ಆಗಲೇ ಹುಚ್ಚಿ ಅನ್ನುತ್ತಿದ್ದರು.

ದವಾಖಾನೆಗೆ ಅವತ್ತು ನನ್ನ ಜೊತೆ ಬಂದಿದ್ದವಳು ಎದುರುಮನೆಯ ಅಕ್ಕ. ನನಗಿಂತ ಬಹಳ ದೊಡ್ಡವಳು, ಗಂಡ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಮೊಣಕಾಲು ಹಿಡಿದುಕೊಂಡಿದ್ದರೂ ಬಾಯಿ ಮಾತ್ರ ಚುರುಕಾಗಿತ್ತು. ಆಗ ಶ್ರಾವಣ ನಡೆದಿತ್ತು. ಶ್ರಾವಣದಲ್ಲಿ ನಮ್ಮ ಗಲ್ಲಿಯ ಹೆಂಗಸರು ಬೆಳಗಿನ ಹೊತ್ತು ಬರಿಗಾಲಲ್ಲಿ, ತಂಬಿಗೆಯಲ್ಲಿ ನೀರು ಹಿಡಿದು ಕೆರೆಯ ಕಡೆಯ ಈಶ್ವರ ಗುಡಿಗೆ ಹೋಗುತ್ತಾರೆ. ಹಾಗೆ ಹೋಗುವವರನ್ನು ಯಾರೂ ತಡೆದು ಮಾತಾಡಿಸುವುದಿಲ್ಲ. ಎದುರಿಗೆ ಬಂದವರೂ ಪಕ್ಕಕ್ಕೆ ಸರಿಯುತ್ತಾರೆ.

ಅಕ್ಕ ಅದನ್ನೇ ಹಿಡಿದಳು. "ಕೈಯಾಗ ದೇವರ ನೀರಿದ್ರ ಎಲ್ಲಿಗೆ ಹೊಂಟಿ ಅಂತ ಯಾರೂ ಕೇಳಂಗಿಲ್ಲ, ತಂಗಿ. ನಾಳಿಂದ ಬಾ."

ಮೊದಲ ದಿನವೇ ಮಾನ ಹೋಯಿತು. ಗಡಿಬಿಡಿಯಲ್ಲಿ ಬಚ್ಚಲಲ್ಲಿದ್ದ ಸ್ಟೀಲಿನ ಚರಿಗೆಯನ್ನೇ ತುಂಬಿಕೊಂಡು ಹೊರಟೆ. ಮೂಲೆಯ ನಳದ ಹತ್ತಿರ ನಿಂತಿದ್ದ ಹೆಂಗಸು ನನ್ನ ಕೈ ನೋಡಿ, "ಯಾಕ್ರಿ, ಮನ್ಯಾಗ ಸಂಡಾಸ ಕಟ್ಟಿಸ್ಯಾರಲ್ಲ?" ಎಂದಳು. ಬಯಲಿಗೆ ಹೊರಟಿದ್ದೇನೆ ಎಂದುಕೊಂಡಳು ಆಕೆ! ನಾನು ಅಲ್ಲಿಂದಲೇ ತಿರುಗಿ ಒಳಗೆ ಹೋಗಿ ಕದ ಹಾಕಿಕೊಂಡೆ. ಅಕ್ಕ ಹಿಂದೆಯೇ ಬಂದು ಕದ ತೆಗೆಸಿದಳು. ಸಮಾಧಾನ ಹೇಳುತ್ತಾಳೆ ಅಂದುಕೊಂಡರೆ, ಗೋಡೆಗೆ ಒರಗಿ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ನೋಡುತ್ತ ನೋಡುತ್ತ ನನಗೂ ನಗು ಬಂತು. ಯಾವ ಕಾಲವಾಗಿತ್ತೋ ನಾನು ನಕ್ಕು... ಮರುದಿನ ತನ್ನದೇ ತಾಮ್ರದ ತಂಬಿಗೆ ತಂದು ನನ್ನ ಕೈಗಿಟ್ಟು, ಅದರ ಮೇಲೊಂದು ಬಿಲ್ವಪತ್ರೆ ಇಟ್ಟಳು. ಯಾರಿಗೂ ಸಂಶಯ ಬರಬಾರದಲ್ಲ.

ಅವಳು ಮುಂದೆ, ನಾನು ಹಿಂದೆ. ಹಿಂತಿರುಗಿ ನೋಡುತ್ತಿರಲಿಲ್ಲ. ನೋಡಿದ್ದರೆ ನಾನು ನಿಂತುಬಿಡುತ್ತಿದ್ದೆ. ಕೈ ನಡುಗಿ ನೀರು ಚೆಲ್ಲಿ ಸೀರೆಯ ನೆರಿಗೆ ಒದ್ದೆಯಾಗುತ್ತಿತ್ತು. ಗುಡಿ ಮುಟ್ಟುವ ಹೊತ್ತಿಗೆ ಈಶ್ವರನ ಪಾಲಿಗೆ ತಳದಲ್ಲಿ ಒಂದಿಷ್ಟು ಉಳಿಯುತ್ತಿತ್ತು. ಬರಿದಾದ ತಂಬಿಗೆಯನ್ನು ಅಕ್ಕ ತನ್ನ ಮನೆಗೇ ಒಯ್ಯುತ್ತಿದ್ದಳು. ಶ್ರಾವಣ ಮುಗಿದ ದಿನ, ಇನ್ನು ಮನೆಯಲ್ಲೇ ಕುಳಿತಿರಬಹುದು ಎಂದು ನನಗೆ ಒಳಗೊಳಗೇ ಹಿತವಾಗಿತ್ತು. ಮರುದಿನ ಬೆಳಿಗ್ಗೆ ನೋಡಿದರೆ ಅಕ್ಕ ಬಾಗಿಲಲ್ಲಿ ಹಾಜರು.

"ಶ್ರಾವಣ ಮುಗಿದ್ರ ಈಶ್ವರಗ ನೀರಡಿಕಿ ಆಗಂಗಿಲ್ಲೇನು? ಏಳು."

ಹೀಗೆ ಮಳೆಗಾಲ, ಚಳಿ, ಬೇಸಿಗೆ ಎಲ್ಲದರಲ್ಲೂ ನಡೆದೆವು. ಮುಂದಿನ ಸಲ ಹುಮನಾಬಾದಿಗೆ ಹೋದಾಗ ಸಕ್ಕರೆ ಇಳಿದಿತ್ತು, ಗುಳಿಗೆ ಉಳಿಯಿತು. ಅಕ್ಕ ಅದೇ ಹುರುಪಿನಲ್ಲಿ ಆಟೋ ಬೇಡವೆಂದು ಬಸ್ ಸ್ಟ್ಯಾಂಡಿನವರೆಗೆ ನಡೆಸಿಕೊಂಡು ಹೊರಟಳು. ದಾರಿಯಲ್ಲಿ ಎದುರಿಗೆ ನನ್ನ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ. ನನ್ನನ್ನು ಕಾಲಿನಿಂದ ತಲೆಯವರೆಗೆ ಅಳೆದು, ನಾನು ಅಲ್ಲಿ ಇಲ್ಲವೇ ಇಲ್ಲ ಎನ್ನುವಂತೆ ಅಕ್ಕನನ್ನು ಕೇಳಿದಳು: "ಇನ್ನಾ ಹಾಂಗೇ ಅದಾಳೇನ್ರಿ? ಈಗ ಏನ್ ಮಾಡ್ತಾಳ?"

"ಆಕೀಗೇ ಕೇಳ್ರಿ, ಬಾಯಿ ಅದ" ಎಂದಳು ಅಕ್ಕ.

ಏನು ಮಾಡುತ್ತೇನೆ ನಾನು? ಮಕ್ಕಳಿಲ್ಲ, ಮನೆಯಿಲ್ಲ, ಕೆಲಸವಿಲ್ಲ. ಕೊನೆಗೆ ಬಾಯಿಗೆ ಬಂದದ್ದು ಒಂದೇ ಮಾತು: "ನಡ್ಯಾಕತ್ತೇನ್ರಿ."

ನೆಗೆಣ್ಣಿ ಸೆರಗು ಬಾಯಿಗೆ ಹಿಡಿದು ನಕ್ಕಳು. ಬಸ್ಸಿನಲ್ಲಿ ಊರು ಮುಟ್ಟುವವರೆಗೂ ನಾನು ತಲೆ ಎತ್ತಲಿಲ್ಲ. ಕಿವಿ ಸುಡುತ್ತಿದ್ದವು. ಇಳಿಯುವಾಗ ಅಕ್ಕ, "ಖರೇನೇ ಹೇಳಿದಿ ಬಿಡು" ಎಂದಳು. ನನಗದು ಸಮಾಧಾನದ ಮಾತಾಗಿಯೂ ಕೇಳಿಸಲಿಲ್ಲ ಆಗ.

ಹೋದ ಚಳಿಗಾಲದಲ್ಲಿ ಅಕ್ಕ ಎರಡೇ ದಿನದ ಜ್ವರಕ್ಕೆ ಹೋಗಿಬಿಟ್ಟಳು. ಗಲ್ಲಿ ತುಂಬ ಜನ. ನಾನು ಸೀರೆ ಬದಲಿಸಿ ಹೊಸ್ತಿಲಿಗೆ ಬಂದಿದ್ದೆ. ಅಣ್ಣ ಮೆಲ್ಲಗೆ, "ನೀ ಒಳಗ ಕೂಡವ್ವ, ಮಂದಿ ಬಾಳ ಬಂದಾರ" ಎಂದ. ಅವನ ಮುಖ ನೋಡಿದೆ. ಅವನಿಗೂ ನಾಚಿಕೆಯಾಗಿತ್ತು, ನನ್ನದೋ, ತನ್ನ ಮಾತಿನದೋ... ಒಳಗೆ ಹೋಗಿ ಕಿಟಕಿಯಲ್ಲಿ ಕುಳಿತೆ. ಭಜನೆಯವರು ತಾಳ ಹಾಕುತ್ತ ಮುಂದೆ ಹೋದರು, ಅಕ್ಕನನ್ನು ಹಿಂದೆ ಹೊತ್ತುಕೊಂಡು ಹೋದರು. ನಾವು ದಿನಾ ಹೋಗುತ್ತಿದ್ದ ದಾರಿಯದು. ಅವಳ ಹಿಂದೆ ನಡೆಯಬೇಕಾದವಳು ನಾನಾಗಿದ್ದೆ.

ಆಮೇಲೆ ನಾನು ನಡೆಯಲು ಹೊರಗೆ ಕಾಲಿಡಲಿಲ್ಲ. ಈ ಸಲ ಅಣ್ಣ ಕರೆದೊಯ್ದಾಗ ಡಾಕ್ಟರು ವರದಿಯಲ್ಲಿ ಮತ್ತೆ ಏರಿದ ಸಕ್ಕರೆಯನ್ನು ಬೆರಳಿಟ್ಟು ತೋರಿಸಿದರು. ಇನ್ನೊಂದು ಸಲ ನೋಡೋಣ, ಆಮೇಲೆ ಗುಳಿಗೆ ಬದಲಿಸಲೇಬೇಕು ಎಂದರು.

ಮೊನ್ನೆ ಆ ವಾಸನೆ ಬಂದಾಗ ಬಹಳ ಹೊತ್ತು ಕಿಟಕಿಯ ಸರಳು ಹಿಡಿದು ಕುಳಿತಿದ್ದೆ. ಆಮೇಲೆ ಎದ್ದು, ಬರಿಗೈಯಲ್ಲಿ, ಒಬ್ಬಳೇ ಗಲ್ಲಿ ದಾಟಿದೆ. ನಾಲ್ಕು ಹೆಜ್ಜೆಯ ಗಲ್ಲಿ. ನಳದ ಹತ್ತಿರದವರೆಲ್ಲ ತಿರುಗಿ ನೋಡಿದರು. ಕಿವಿ ಮತ್ತೆ ಸುಟ್ಟವು.

"ಆ ತಂಬಿಗಿ ನನಗ ಕೊಡ್ತಿಯೇನವ್ವ?"

ಅಕ್ಕನ ಸೊಸೆ ಕೈಯಲ್ಲಿನ ಹುಣಸೆಹಣ್ಣು ಹಾಗೇ ಹಿಡಿದು ನನ್ನನ್ನು ನೋಡಿದಳು. "ಇದು ನೆಗ್ಗಿದ್ದದರಿ ಅತ್ತಿ. ಚಲೋದು ತಗೋರಿ. ಇದನ್ನೇನ್ ಮಾಡ್ತೀರಿ?"

"ನಡೀತೀನವ್ವ" ಎಂದೆ.

ಅವಳು ನಗಲಿಲ್ಲ. ತೊಳೆದು, ಸೆರಗಿನಿಂದ ಒರೆಸಿ ಕೊಟ್ಟಳು. ಮರುದಿನ ಬೆಳಿಗ್ಗೆ ನೀರು ತುಂಬಿ, ಪತ್ರೆ ಇಟ್ಟುಕೊಂಡು ಹೊರಟೆ. ತಲೆ ಎತ್ತಿ ನಡೆದೆ ಎಂದರೆ ಸುಳ್ಳಾಗುತ್ತದೆ. ತಗ್ಗಿಸಿಕೊಂಡೇ ಹೋದೆ. ಮೊದಲು ತಲೆ ತಗ್ಗಿಸಿದಾಗಲೆಲ್ಲ ಮುಂದೆ ಅಕ್ಕನ ಒಡೆದ ಹಿಮ್ಮಡಿಗಳು ಕಾಣುತ್ತಿದ್ದವು. ಈಗ ಅಲ್ಲಿ ಬರೀ ದಾರಿ.