ಅಮ್ಮನನ್ನು ಯಾರೂ ಕೇಳಲಿಲ್ಲ

ಅನುಭವಿಸಿದವಳು ನನ್ನ ಅಮ್ಮ. ವೈದ್ಯರಲ್ಲ, ಆಸ್ಪತ್ರೆಯ ಆಡಳಿತವಲ್ಲ, ಮಕ್ಕಳಾದ ನಾವೂ ಅಲ್ಲ. ಅವಳ ಕಾಯಿಲೆಯ ಬಗ್ಗೆ ಅವಳೊಬ್ಬಳನ್ನು ಬಿಟ್ಟು ಉಳಿದವರೆಲ್ಲ ಮಾತಾಡಿಕೊಂಡರು. ಆ ಮಾತಿನಿಂದ ಹುಟ್ಟಿದ ತೀರ್ಮಾನವನ್ನು ಅವಳ ಮೈಯೊಂದೇ ಹೊರಬೇಕಾಯಿತು.

ಅಮ್ಮ ಮದುವೆಯಾಗಿ ಮಂಡ್ಯದ ಕಡೆಯಿಂದ ಚೆನ್ನೈಗೆ ಬಂದವಳು. ಅಪ್ಪ ರೈಲ್ವೆಯಲ್ಲಿದ್ದರು. ಕ್ರೋಂಪೇಟೆಯ ನಮ್ಮ ಮನೆಯೊಳಗೆ ಕನ್ನಡ; ಗೇಟು ದಾಟಿದರೆ ಅಮ್ಮನ ಬಾಯಲ್ಲಿ ತಮಿಳು. ಬಣ್ಣ ಬಿಟ್ಟ ಸೀರೆಯನ್ನು ಟಿ. ನಗರದ ಅಂಗಡಿಗೆ ಹಿಂದಿರುಗಿಸಲು ಹೋದರೆ ಅವಳ ಮಾತಿಗೆ ಅಲ್ಲಿನ ಮೇಲ್ವಿಚಾರಕನೇ ಎದ್ದು ಬರುತ್ತಿದ್ದ. ಅಪ್ಪ ತೀರಿಕೊಂಡ ಮೇಲೆ ಪಿಂಚಣಿ, ಮನೆಯ ದುರಸ್ತಿ, ಅಣ್ಣನ ಮದುವೆ, ಎಲ್ಲವನ್ನೂ ನಡೆಸಿದವಳು ಅವಳೇ. ಅವಳ ಬದುಕಿನ ಯಾವ ನಿರ್ಧಾರವನ್ನೂ ಬೇರೆಯವರು ಕೈಗೆತ್ತಿಕೊಂಡದ್ದು ನನಗೆ ನೆನಪಿಲ್ಲ, ಕೊನೆಯದೊಂದನ್ನು ಬಿಟ್ಟು.

ಹೊಟ್ಟೆಯ ಗಡ್ಡೆ ಯಕೃತ್ತಿಗೂ ಹರಡಿದೆಯೆಂದು ಸ್ಕ್ಯಾನ್‌ನಲ್ಲಿ ಗೊತ್ತಾದಾಗ ಅವಳ ಜೊತೆಗಿದ್ದವಳು ನಾನು. ದಾಖಲಾದಂದಿನಿಂದಲೂ ನಾನೇ ಇದ್ದೆ. ಕ್ಯಾನ್ಸರ್ ತಜ್ಞರು ಬಾಗಿಲಲ್ಲೇ ನಿಂತು, "ಜೆಂಟ್ಸ್ ಯಾರುಮ್ ವರಲಿಯಾ?" ಎಂದರು, ಗಂಡಸರು ಯಾರೂ ಬಂದಿಲ್ಲವೇ ಎಂದು. ನಾನು ಮಗಳು, ಅಮ್ಮನೂ ಇಲ್ಲೇ ಎಚ್ಚರವಾಗಿದ್ದಾಳೆ, ನಮಗೇ ಹೇಳಬಹುದು ಎಂದೆ. ಮಗ ಬಂದ ಮೇಲೆ ಮಾತಾಡೋಣ ಎಂದು ಹೊರಟುಹೋದರು. ಇದು ಅವರೊಬ್ಬರ ಅಭ್ಯಾಸವಲ್ಲ. ಆ ಮಹಡಿಯಲ್ಲಿ ಕೆಟ್ಟ ಸುದ್ದಿಯನ್ನು ಸ್ವೀಕರಿಸುವ ಅರ್ಹತೆ ಗಂಡಸರಿಗೆ ಮಾತ್ರವಿತ್ತು. ಪಕ್ಕದ ಕೋಣೆಯ ಹೆಂಗಸಿಗೆ ಗಂಡನ ಸ್ಥಿತಿಯನ್ನು ತಿಳಿಸಲು ಅವರು ಊರಿನಿಂದ ಮೈದುನ ಬರುವವರೆಗೆ ಕಾದಿದ್ದರು.

ಅಣ್ಣ ಬ್ಯಾಂಕಿನಿಂದ ನೇರವಾಗಿ ಬಂದ. ತಜ್ಞರು ಅವನನ್ನು ಲಿಫ್ಟಿನ ಪಕ್ಕಕ್ಕೆ ಕರೆದರು. ಕರೆಯದಿದ್ದರೂ ನಾನು ಹೋಗಿ ನಿಂತೆ. ಊಟದ ಟ್ರಾಲಿಗೆ ದಾರಿ ಬಿಡುತ್ತ, ಗೋಡೆಗೆ ಒತ್ತಿಕೊಂಡು, ನನ್ನ ಅಮ್ಮ ಹೆಚ್ಚು ಕಾಲ ಉಳಿಯುವುದಿಲ್ಲ ಎಂಬುದನ್ನು ಕೇಳಿಸಿಕೊಂಡೆವು. ಅಣ್ಣ ಏನಾದರೂ ಮಾಡಿ ಎಂದು ಬೇಡಿದ. ಬೇಕಿದ್ದರೆ ಒಂದು ಕೀಮೋ ಕೊಟ್ಟು ನೋಡಬಹುದು, ಆದರೆ ಪೇಶೆಂಟ್‌ಗೆ ಏನನ್ನೂ ಹೇಳಬೇಡಿ, ಮನಸ್ಸು ಕುಸಿದುಬಿಡುತ್ತದೆ ಎಂದರು. ಅಮ್ಮನನ್ನೇ ಕೇಳೋಣ ಎಂದು ನಾನು ಹೇಳಿದ್ದಕ್ಕೆ ತಜ್ಞರು ಅಣ್ಣನ ಕಡೆ ತಿರುಗಿ, ನಿಮ್ಮ ಸಿಸ್ಟರ್ ಸ್ವಲ್ಪ ಎಮೋಷನಲ್ ಎಂದರು. ಒಪ್ಪಿಗೆಯ ಸಹಿಯನ್ನು ಅಣ್ಣನಿಂದ ಪಡೆದರು. ಒಳಗೆ ಅಮ್ಮ ದಿಂಬಿಗೆ ಒರಗಿ ದಿನಪತ್ರಿಕೆ ಓದುತ್ತಿದ್ದಳು.

ಕೀಮೋ ಮುಗಿದು ಕೆಲವು ದಿನಗಳಾಗಿದ್ದವು. ಬಾಯಲ್ಲಿ ಹುಣ್ಣು ಏಳತೊಡಗಿತ್ತು. ಅಣ್ಣ ಎಂದಿನಂತೆ, ಸರಿಹೋಗ್ತಿದೆಯಮ್ಮ, ಮುಂದಿನ ತಿಂಗಳು ಮನೇಲಿ ಓಡಾಡ್ತೀಯ ಎಂದು ನಗುತ್ತ ಹೇಳಿ ಹೊರಟ. ಅವನ ಹೆಜ್ಜೆಯ ಸದ್ದು ನಿಂತ ಮೇಲೆ ಅಮ್ಮ ನನ್ನನ್ನು ಹತ್ತಿರ ಕರೆದಳು.

"ಪಾಪ, ಚೆನ್ನಾಗಿ ಸುಳ್ಳು ಹೇಳೋಕೆ ಬರಲ್ಲ ಅವನಿಗೆ. ಚಿಕ್ಕೋನಾಗಿದ್ದಾಗ್ಲೂ ಬರ್ತಿರ್ಲಿಲ್ಲ."

ಯಾವ ಸುಳ್ಳು ಎಂದು ಕೇಳುವ ನಾಟಕವನ್ನು ನಾನೂ ಆಡಿದೆ. ಆಗ ಅವಳು ನಡೆದದ್ದನ್ನು ಹೇಳಿದಳು. ಕೀಮೋ ಕೊಡುವ ದಿನ ಬೆಳಗ್ಗೆ ನಾನು ಔಷಧಿ ತರಲು ಕೆಳಗೆ ಹೋಗಿದ್ದಾಗ ತಜ್ಞರು ಕಿರಿಯ ವೈದ್ಯೆಯೊಂದಿಗೆ ಬಂದಿದ್ದರು. ನಾವು ಕನ್ನಡ ಆಡುವುದನ್ನು ಕೇಳಿದ್ದ ಅವರು ಅಮ್ಮ ಕರ್ನಾಟಕದಿಂದ ಚಿಕಿತ್ಸೆಗೆಂದು ಬಂದವಳು, ಅವಳಿಗೆ ಭಾಷೆ ಬಾರದು ಎಂದು ತಾವೇ ತೀರ್ಮಾನಿಸಿಕೊಂಡಿದ್ದರು. ಮಂಚದ ಬುಡದಲ್ಲೇ ನಿಂತು ತಮಿಳಿನಲ್ಲಿ, ಇನ್ನು ಮಾಡಲು ಏನೂ ಉಳಿದಿಲ್ಲ, ಮಗನ ಸಮಾಧಾನಕ್ಕೆ ಒಂದು ಕೋರ್ಸ್ ಕೊಡುತ್ತಿದ್ದೇವೆ ಎಂದು ವಿವರಿಸಿದರು.

"ನಲವತ್ತು ವರ್ಷ ತರಕಾರಿಯೋರ ಜೊತೆ ಜಗಳ ಆಡಿದ್ದು ಯಾವ ಭಾಷೇಲಿ ಅಂದ್ಕೊಂಡಿದಾನೆ ಆ ಮನುಷ್ಯ?" ಎಂದು ಅಮ್ಮ ನಕ್ಕಳು. ಬಿರಿದ ತುಟಿಗೆ ನಗು ನೋವಾಯಿತು.

ಹಾಗಾದರೆ ಕೀಮೋಗೆ ಯಾಕೆ ತೋಳು ಚಾಚಿದೆ ಎಂದು ಕೇಳಿದೆ.

"ನಿಮ್ಮಣ್ಣ ಅಷ್ಟು ಕಷ್ಟಪಟ್ಟು ನಗ್ತಿದ್ದ ಕಣೇ. ಹೆಂಗೆ ಬೇಡ ಅನ್ನಲಿ? ನನ್ನನ್ನ ಕೇಳಿದ್ದಿದ್ರೆ ಬೇಡ ಅಂತಿದ್ದೆ. ಕೇಳ್ಬೇಕಲ್ಲ ಯಾರಾದ್ರೂ."

ಮಗನ ಸಮಾಧಾನಕ್ಕೆಂದು ವೈದ್ಯರು ಕೊಟ್ಟರು. ಮಗನ ಸಮಾಧಾನಕ್ಕೆಂದು ತಾಯಿ ತೆಗೆದುಕೊಂಡಳು. ತಾಯಿಗೆ ಇದೇ ಬೇಕಿರಬಹುದೆಂದು ಮಗ ಒಪ್ಪಿದ. ಮೂವರನ್ನು ಒಟ್ಟಿಗೆ ಕೂರಿಸಿ ಒಂದೇ ಒಂದು ಪ್ರಾಮಾಣಿಕ ಮಾತು ಆಡಿದ್ದರೆ ಆ ವಿಷ ಅವಳ ರಕ್ತಕ್ಕೆ ಇಳಿಯುತ್ತಿರಲಿಲ್ಲ. ಇದನ್ನು ಕೆಲವರು ಸಂಪ್ರದಾಯ ಎನ್ನುತ್ತಾರೆ, ನಮ್ಮ ಕುಟುಂಬಗಳೇ ಹೀಗೆ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಹೆದರಿದ ಕುಟುಂಬ ಮುಚ್ಚಿಡಲು ಬಯಸುವುದು ಸಹಜ. ಆ ಹೆದರಿಕೆಯನ್ನು ತಮ್ಮ ಅನುಕೂಲಕ್ಕೆ ಬಳಸಿಕೊಂಡು ರೋಗಿಯ ಕಣ್ಣನ್ನು ತಪ್ಪಿಸುವುದು ವೃತ್ತಿಧರ್ಮವಲ್ಲ, ಹೇಡಿತನ.

ಮರುದಿನ ತಜ್ಞರು ಬಂದಾಗ ಅಮ್ಮ ಕಾದಿದ್ದಳು. "ಡಾಕ್ಟರ್, ಎನಕ್ಕು ಎನ್ನನ್ನು ಎನ್ ಕಿಟ್ಟ ಸೊಲ್ಲುಂಗೊ," ಎಂದಳು. ನನಗೇನಾಗಿದೆಯೆಂದು ನನಗೇ ಹೇಳಿ ಎನ್ನುವ ಅಷ್ಟು ನೇರವಾದ ತಮಿಳನ್ನು ಕೇಳಿ ಅವರ ಮುಖ ಒಂದು ಕ್ಷಣ ಬಿಳುಚಿತು. ಕ್ಷಮೆ ಕೇಳಲು ಅದು ತಕ್ಕ ಗಳಿಗೆಯಾಗಿತ್ತು. ಅವರು ಅಮ್ಮನ ಹಾಸಿಗೆಯ ಹಿಂದಿನ ಗೋಡೆಯನ್ನು ನೋಡುತ್ತ, "ಅದೆಲ್ಲಾಂ ಯೋಚಿಕ್ಕಾದೀಂಗಮ್ಮಾ. ನಲ್ಲಾ ಸಾಪ್ಪಿಡುಂಗೊ," ಎಂದರು. ಯೋಚಿಸಬೇಡಿ, ಚೆನ್ನಾಗಿ ಊಟ ಮಾಡಿ. ನೀರು ನುಂಗಲೂ ಆಗದ ಬಾಯಿಗೆ ಈ ಸಲಹೆ. ಹೊರಗೆ ಹೋಗಿ ಅಣ್ಣನಿಗೆ ಫೋನು ಮಾಡಿ, ಪೇಶೆಂಟ್‌ಗೆ ಯಾರು ಹೇಳಿದ್ದು ಎಂದು ಗದರಿಸಿದರಂತೆ.

ಆ ಸಂಜೆಯೇ ಅಮ್ಮ ಮನೆಗೆ ಕರೆದೊಯ್ಯಲು ಹೇಳಿದಳು. ಮನೆಗೆ ಬಂದ ಮೂರನೆಯ ದಿನ ಅಣ್ಣ ಅವಳ ಪಕ್ಕ ಕೂತು ಮೊದಲ ಬಾರಿಗೆ ಅತ್ತ, ಮೊದಲ ಬಾರಿಗೆ ಕೇಳಿದ: ಏನು ಹೇಳ್ಬೇಕು ಅಂತಿದ್ದೆಯೋ ಹೇಳಮ್ಮ. ಅವಳಿಗೆ ಹೇಳುವುದಿತ್ತು. ಆಸ್ಪತ್ರೆಯಲ್ಲೇ ನನಗೆ ಎಂದಿದ್ದಳು, ಇಬ್ಬರೂ ಕೂತ್ಕೊಳ್ಳಿ, ಒಟ್ಟಿಗೆ ಹೇಳ್ತೀನಿ ಅಂತ. ಅಷ್ಟರಲ್ಲಿ ಹುಣ್ಣು ಗಂಟಲಿಗಿಳಿದಿತ್ತು. ಬಾಯಿ ತೆರೆದಳು, ನಾಲಗೆ ಹೊರಳಲಿಲ್ಲ. ಪೆನ್ನು ಕೊಟ್ಟೆವು, ಮರಗಟ್ಟಿದ ಬೆರಳುಗಳಿಂದ ಅದು ಜಾರಿತು. ಅವಳು ಅಣ್ಣನನ್ನು ಬಹಳ ಹೊತ್ತು ನೋಡಿ ಗೋಡೆಯ ಕಡೆ ಹೊರಳಿದಳು. ಕಾಯಿಲೆ ಅವಳ ಮಾತನ್ನು ಕಿತ್ತುಕೊಂಡಿರಲಿಲ್ಲ. ಅವಳನ್ನು ಕೇಳದೆ ಕೊಟ್ಟ ಔಷಧಿ ಕಿತ್ತುಕೊಂಡಿತು. ಆ ವಾರವೇ ಅವಳು ಹೋದಳು. ಅವಳು ಹೇಳಬೇಕೆಂದಿದ್ದದ್ದು ಏನೆಂದು ನಮಗೆ ಎಂದಿಗೂ ಗೊತ್ತಾಗುವುದಿಲ್ಲ.

ಆ ಆಸ್ಪತ್ರೆಯ ವೈದ್ಯಕೀಯ ನಿರ್ದೇಶಕರಿಗೆ, ಕ್ಯಾನ್ಸರ್ ವಿಭಾಗದ ಮುಖ್ಯಸ್ಥರಿಗೆ ನನ್ನ ಆಗ್ರಹ ಇದು. ಎಚ್ಚರವಾಗಿರುವ, ಸಹಿ ಮಾಡಬಲ್ಲ ರೋಗಿಯ ಬದಲು ಮಗನ, ಗಂಡನ, ಮೈದುನನ ಸಹಿ ಪಡೆಯುವುದನ್ನು ಇಂದೇ ನಿಲ್ಲಿಸಿ. ಚಿಕಿತ್ಸೆಯನ್ನು ನಿರ್ಧರಿಸುವ ವೈದ್ಯರೇ ರೋಗಿಯ ಪಕ್ಕ ಕೂತು, ನಿಮಗೆ ಯಾವ ಭಾಷೆಯಲ್ಲಿ ಹೇಳಲಿ, ಎಷ್ಟು ಹೇಳಲಿ, ಯಾರ ಎದುರಿಗೆ ಹೇಳಲಿ ಎಂದು ಮೊದಲು ಕೇಳಬೇಕು. ತಿಳಿಯುವುದು ಬೇಡ ಎಂದರೆ ಆ ಮೌನವನ್ನು ಗೌರವಿಸಿ. ತಿಳಿಯಬೇಕು ಎಂದರೆ ಸತ್ಯ ಹೇಳಿ. ಇದನ್ನು ನಿಮ್ಮ ಆಸ್ಪತ್ರೆಯ ನಿಯಮವನ್ನಾಗಿ ಮಾಡಿ, ಮತ್ತು ಆ ನಿಯಮ ಜಾರಿಗೆ ಬರುವವರೆಗೆ ರೋಗಿಯ ಸ್ವಂತ ಒಪ್ಪಿಗೆಯಿಲ್ಲದೆ ಒಂದು ಹನಿ ಕೀಮೋವನ್ನೂ ಏರಿಸಬೇಡಿ.