ತಾಯಪ್ಪ ಒಡೆದ ಲಕೋಟೆ

ಶಹಾಪುರದ ನೋಂದಣಿ ಕಚೇರಿಯೆದುರು ಮೂವತ್ತು ವರ್ಷ ದಸ್ತಾವೇಜು ಬರೆದ ತಾಯಪ್ಪ ಯಾವ ಕಾಗದವನ್ನೂ ನಂಬಿದವನಲ್ಲ. ಮುದ್ರೆ ಕಂಡರಂತೂ ಅವನ ಸಂಶಯ ಇಮ್ಮಡಿಯಾಗುತ್ತಿತ್ತು.

ಇಂಥವನ ಮಗಳು ಪರಿಮಳಾ, ಸುರಪುರ ಕೋರ್ಟಿನ ವಕೀಲೆ, ಜರ್ಮನಿಗೆ ಹೋಗಿ ಅಲ್ಲಿಯ ಕಾನೂನಿನಲ್ಲಿ ಸ್ನಾತಕೋತ್ತರ ಪದವಿ ಪಡೆಯಲು ನಿರ್ಧರಿಸಿದಳು. ಪರದೇಶದ ವಕೀಲರಿಗೆಂದೇ ಇರುವ ಒಂದು ವರ್ಷದ ಓದು. ಬೋಧನಾ ಶುಲ್ಕವಿಲ್ಲವೆಂದು ಕೇಳಿದ್ದೇ ತಾಯಪ್ಪ ಹುಬ್ಬು ಗಂಟಿಕ್ಕಿದ.

“ಪುಕ್ಕಟೆ ಯಾರು ಕಲಿಸ್ತಾರವ್ವಾ? ನಿನ್ನಿಂದ ಅವರಿಗೇನು ಬೇಕಾಗೈತಿ?”

“ಯಪ್ಪಾ, ಅಲ್ಲಿ ನೋಟರಿ ಖರೀದಿ ಪತ್ರಾನ ಪೂರಾ ಜೋರಾಗಿ ಓದಿ ಹೇಳಿದ ಮ್ಯಾಲೇ ಸಹಿ. ನಿನ್ನಂಥವರ ದೇಶ ಅದು.”

“ಓದೂಮುಂದ ಒಂದು ಸಾಲು ನುಂಗಿದ್ರ?”

ಅರ್ಜಿಗೆ ಕೊನೆಯದಾಗಿ ಬೇಕಾದದ್ದು ಅಂಕಪಟ್ಟಿಯ ದೃಢೀಕೃತ ಪ್ರತಿ. ಅದನ್ನು ಅವಳು ಓದಿದ ಕಲಬುರಗಿಯ ವಿಶ್ವವಿದ್ಯಾಲಯವೇ ಲಕೋಟೆಯಲ್ಲಿಟ್ಟು ಅಂಟಿನ ಮೇಲೆ ಮೊಹರು ಒತ್ತಬೇಕು, ಒಡೆದದ್ದು ನಡೆಯದು. ಗಡುವಿಗೆ ಉಳಿದದ್ದು ಹದಿನೈದು ದಿನ. ಲಕೋಟೆ ಬಂದ ದಿನ ಪರಿಮಳಾಳಿಗೆ ಕೋರ್ಟಿನಲ್ಲಿ ವಾದವಿತ್ತು. ಕೊರಿಯರಿಗೆ ಹಾಕೆಂದು ಅಪ್ಪನ ಕೈಗಿತ್ತಳು. “ಒಡೀಬ್ಯಾಡ ಮತ್ತ,” ಎಂದದ್ದೇ ತಪ್ಪಾಯಿತು. ನೋಡಬೇಡವೆಂದ ಕಾಗದಗಳಲ್ಲೇ ಅವನು ಎಷ್ಟೋ ಮೋಸ ಹಿಡಿದಿದ್ದ.

“ಯಾರದರ ಅಂಕ ಇದರಾಗ ತುಂಬಿದ್ರ?” ಎಂದು ನೋಂದಣಿ ಕಚೇರಿಯೆದುರಿನ ತನ್ನ ಜಾಗದಲ್ಲಿ ಕೂತು ಬ್ಲೇಡು ತೆಗೆದ.

ಅಂಕಗಳೆಲ್ಲ ಸರಿಯಾಗಿದ್ದವು. ಮೊಹರು ಮಾತ್ರ ಎರಡು ಹೋಳಾಗಿತ್ತು.

ಪಕ್ಕದ ಝೆರಾಕ್ಸ್ ಅಂಗಡಿಯ ರಾಜಾಸಾಬ ನಕ್ಕ. “ಸಿಕ್ತೇನಪಾ ಕಳ್ಳ? ತಗೋ ಗೋಂದು, ಹಚ್ಚಿಬಿಡು. ಜರ್ಮನಿಯವರಿಗೇನು ಗೊತ್ತಾಗ್ತೈತಿ?”

ತಾಯಪ್ಪ ಅಂಟಿಸಿದ, ಬೆಳಕಿಗೆ ಹಿಡಿದ. “ನಾನಾಗಿದ್ರ ಹಿಡೀತಿದ್ದೆ,” ಎಂದು ಕೆಳಗಿಟ್ಟ.

ಸಂಜೆ ವಿಷಯ ತಿಳಿದ ಮಗಳು ಕೂಗಾಡಲಿಲ್ಲ. “ನನ್ನ ಮ್ಯಾಲೇ ಸಂಶೇ ಏನು?” ಎಂದಷ್ಟೇ ಕೇಳಿ ಒಳಗೆ ಹೋದಳು.

ಮರುದಿನ ಮೊದಲ ಬಸ್ಸಿಗೆ ತಾಯಪ್ಪ ಕಲಬುರಗಿಯಲ್ಲಿದ್ದ. ‘ಲಕೋಟೆ ಒಡೆದವನು ನಾನು, ನನ್ನ ಮಗಳ ತಪ್ಪಿಲ್ಲ’ ಎಂದು ಸ್ವಂತ ಕೈಯಿಂದ ಅರ್ಜಿ ಬರೆದ. ಇಷ್ಟು ಚಿಕ್ಕ ಅರ್ಜಿಗೆ ಅವನಿಗೆ ಇಷ್ಟು ಹೊತ್ತು ಹಿಡಿದದ್ದು ಅದೇ ಮೊದಲು. ಮೂರು ದಿನ ವಿಶ್ವವಿದ್ಯಾಲಯದ ಕಚೇರಿಯ ಬೆಂಚು ಕಾಯ್ದು ಹೊಸ ಲಕೋಟೆ ಪಡೆದ. ನೇರವಾಗಿ ಕೊರಿಯರ್ ಕಚೇರಿಗೆ ನಡೆದು ಅದನ್ನು ಕೊಟ್ಟ. ಗಡುವಿನೊಳಗೆ ಮುಟ್ಟುವುದೆಂದು ಎರಡು ಸಲ ಹೇಳಿಸಿಕೊಂಡು ಅಲ್ಲಿಂದಲೇ ಮಗಳಿಗೆ ಫೋನು ಮಾಡಿದ.

“ಕಳಿಸೇನವ್ವಾ.”

ಆ ಕಡೆಯಿಂದ ಮಗಳು ಕೇಳಿದಳು: “ಒಡೆದಿಲ್ಲಲ್ಲ?”

“ಇಲ್ಲ.”

“ಫೋಟೋ ಕಳಿಸು.”

ತಾಯಪ್ಪ ಕೊರಿಯರಿನವನಿಂದ ಲಕೋಟೆಯನ್ನು ಮರಳಿ ಇಸಿದುಕೊಂಡು, ಮೊಹರು ಮೇಲೆ ಬರುವಂತೆ ಫೋನಿನ ಕ್ಯಾಮೆರಾದೆದುರು ಹಿಡಿದ.